ಬೀಗ ಹಾಕಿದ ಮನೆಗಳಿಗೆ ಮಳೆಗಾಲದ ವರದಿ

ಸುರತ್ಕಲ್ಲಿನ ಉತ್ತರಕ್ಕೆ ಕಡಲ ದಂಡೆಯ ಮೇಲಿರುವ ನಮ್ಮ ವಸತಿ ಸಮುಚ್ಚಯದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುತ್ತವೆ. ಮಾಲೀಕರಲ್ಲಿ ಹಲವರು ಬೆಂಗಳೂರು, ಮುಂಬೈ, ದುಬೈ, ಮಸ್ಕತ್‌ಗಳಲ್ಲಿದ್ದು, ಬೇಸಿಗೆ ರಜೆಗೆ ಮತ್ತು ಡಿಸೆಂಬರಿಗೆ ಮಾತ್ರ ಇಲ್ಲಿಗೆ ಬರುತ್ತಾರೆ. ಮಾಲೀಕರ ಸಂಘದ ಕಾರ್ಯದರ್ಶಿಯಾಗಿ ಮಳೆಗಾಲದುದ್ದಕ್ಕೂ ತಿಂಗಳಿಗೊಮ್ಮೆ ಅವರೆಲ್ಲರಿಗೆ ಲಿಖಿತ ವರದಿ ಕಳುಹಿಸುವ ಕ್ರಮವನ್ನು ನಾನು ರೂಪಿಸಿಕೊಂಡ ಬಗೆಯನ್ನು, ಇಂಥದ್ದೇ ಹೊಣೆ ಹೊತ್ತವರಿಗೆ ಪ್ರಯೋಜನವಾದೀತೆಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಪ್ರತಿಯೊಬ್ಬ ಮಾಲೀಕನಿಗೂ ಸಾಮಾನ್ಯ ಪ್ರದೇಶಗಳಲ್ಲಿ ಅವಿಭಜಿತ ಪಾಲಿದೆ. ಅವುಗಳ ವೆಚ್ಚದಲ್ಲಿಯೂ ಅಷ್ಟೇ ಪಾಲಿದೆ. ಹಾಗಾಗಿ ವರ್ಷಕ್ಕೆ ಎರಡು ವಾರ ಇಲ್ಲಿರುವವರೂ ತಾರಸಿಗೆ, ಕಂಬಗಳಿಗೆ, ಬಾವಿಗೆ ನಮ್ಮಷ್ಟೇ ಒಡೆಯರು. ಆದರೆ ಅವರು ಕಾಣುವುದು ಬಿಸಿಲಿನಲ್ಲಿ ಒಣಗಿ, ಸುಣ್ಣಬಣ್ಣ ಬಳಿದುಕೊಂಡ ಕಟ್ಟಡವನ್ನು. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ಅದೇ ಕಟ್ಟಡ ಹೇಗಿರುತ್ತದೆಂಬುದನ್ನು ಕಾಣದವರಿಂದ ದುರಸ್ತಿಗೆ ಹಣ ಕೇಳಿದರೆ ಅವರು ಅನುಮಾನಿಸುವುದು ಸಹಜವೇ. ದುರಸ್ತಿಯ ತೀರ್ಮಾನವಾಗುವ ಮುನ್ನ ಮಳೆಗಾಲದ ಸಂಗತಿಗಳು ಅವರ ಕೈಯಲ್ಲಿರಬೇಕೆಂಬುದೇ ಈ ವರದಿಯ ಉದ್ದೇಶ.

ದೂರದಲ್ಲಿರುವವರು ಮೊದಲು ಕೇಳುವುದು ಕಡಲಿನ ವಿಷಯವನ್ನು. ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಯನ್ನು ಮುಟ್ಟಿದ ನಂತರ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಳಗೆ ಎಳೆದೊಯ್ಯುತ್ತವೆ. ಜುಲೈ ಹೊತ್ತಿಗೆ ದಂಡೆ ಕಿರಿದಾಗಿ, ಮರಳಿನ ಮೇಲೆ ಹಬ್ಬುವ ಅಡುಂಬು ಬಳ್ಳಿಯ ಬೇರುಗಳು ಗಾಳಿಯಲ್ಲಿ ನೇತಾಡುತ್ತವೆ. ಯಾರಾದರೂ ಅದರ ಒಂದು ಚಿತ್ರವನ್ನು ಕಳುಹಿಸಿದರೆ ಸಾಕು, ಮನೆ ಕಡಲ ಪಾಲಾಗುತ್ತದೆಂಬ ಭೀತಿ ಹರಡುತ್ತದೆ. ಎಳೆದೊಯ್ದ ಮರಳಿನ ಬಹುಪಾಲು ದಂಡೆಯಿಂದ ಸ್ವಲ್ಪ ದೂರದಲ್ಲಿ ನೀರಿನಡಿಯ ದಿಬ್ಬವಾಗಿ ನಿಂತು, ಅಕ್ಟೋಬರಿನ ನಂತರ ಅಲೆಗಳು ತಗ್ಗಿದಂತೆ ನಿಧಾನವಾಗಿ ಮರಳಿ ಬರುತ್ತದೆ. ಇದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಮೇಲೆಂದು, ಪಾಗಾರದ ಒಂದೇ ಕಂಬದ ಬಳಿ ನಿಂತು, ಇಳಿತದ ವೇಳೆಯಲ್ಲಿ, ಒಂದೇ ದಿಕ್ಕಿಗೆ ಕ್ಯಾಮೆರಾ ಹಿಡಿದು ತಿಂಗಳು ತಿಂಗಳೂ ಚಿತ್ರ ತೆಗೆಯುತ್ತೇನೆ. ಆ ಕಂಬದಿಂದ ದಂಡೆಯ ಅಂಚಿಗಿರುವ ದೂರವನ್ನು ಟೇಪಿನಿಂದ ಅಳೆದು, ಹಿಂದಿನ ವರ್ಷದ ಅದೇ ತಿಂಗಳ ಅಳತೆಯ ಪಕ್ಕದಲ್ಲಿ ಬರೆಯುತ್ತೇನೆ. ಜುಲೈಯನ್ನು ಜುಲೈಗೆ ಹೋಲಿಸಬೇಕೇ ಹೊರತು ಡಿಸೆಂಬರಿಗಲ್ಲ. ಫೆಬ್ರವರಿಯ ಅಳತೆಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಅದನ್ನು ನಿಜವಾದ ಕಡಲ್ಕೊರೆತವೆಂದು ತಿಳಿಯಬೇಕು.

ಬಂಡೆಗಳನ್ನು ತಂದು ಸುರಿಸಿ ಎಂಬ ಸಲಹೆ ಪ್ರತಿ ಮಳೆಗಾಲವೂ ಬರುತ್ತದೆ. ನಾನು ಇದನ್ನು ದೃಢವಾಗಿ ವಿರೋಧಿಸುತ್ತೇನೆ. ಕಲ್ಲಿನ ತಡೆಗೋಡೆಯ ಮುಂದಿನ ಮರಳು ಅಲೆಗಳ ಹೊಡೆತಕ್ಕೆ ಇನ್ನಷ್ಟು ಕೊಚ್ಚಿಹೋಗುತ್ತದೆ. ಗೋಡೆ ಮುಗಿಯುವಲ್ಲಿ ಕೊರೆತ ತೀವ್ರವಾಗಿ, ಪಕ್ಕದ ಮೀನುಗಾರರ ಮನೆಗಳು ಅಪಾಯಕ್ಕೆ ಸಿಲುಕುತ್ತವೆ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನ ಯೋಜನೆಯಡಿ ದಂಡೆಯಿಂದಾಚೆ ಕಡಲೊಳಗೆ ರೀಫ್‌ಗಳನ್ನು, ಅಂದರೆ ನೀರಿನಡಿಯ ಕೃತಕ ದಿಬ್ಬಗಳನ್ನು, ಕಟ್ಟಿ ಅಲೆಗಳ ಬಲವನ್ನು ದೂರದಲ್ಲಿಯೇ ತಗ್ಗಿಸಲು ಯತ್ನಿಸಬೇಕಾಯಿತೆಂದರೆ, ನಾಲ್ಕು ಲಾರಿ ಕಲ್ಲಿನಿಂದ ತೀರುವ ಸಮಸ್ಯೆ ಇದಲ್ಲವೆಂಬುದು ಸ್ಪಷ್ಟ. ಮೇಲಾಗಿ ಉಬ್ಬರದ ರೇಖೆಯಿಂದ 500 ಮೀಟರ್‌ವರೆಗಿನ ಭೂಮಿ ಕರಾವಳಿ ನಿಯಂತ್ರಣ ವಲಯದ ಕಟ್ಟಳೆಗೆ ಒಳಪಟ್ಟಿದ್ದು, ಅಲ್ಲಿ ಸಂಘವೊಂದು ತನ್ನಿಷ್ಟದಂತೆ ಕಲ್ಲು ಸುರಿಯುವಂತಿಲ್ಲ. ಇಷ್ಟನ್ನೂ ವರದಿಯಲ್ಲಿ ಬರೆಯಲಾರಂಭಿಸಿದ ಮೇಲೆ ಈ ಬೇಡಿಕೆ ಗಮನಾರ್ಹವಾಗಿ ತಗ್ಗಿದೆ.

ನಮ್ಮ ಹಣವನ್ನು ನಿಜವಾಗಿ ತಿನ್ನುವುದು ಅಲೆಗಿಂತ ಉಪ್ಪುಗಾಳಿ. ಗಾಳಿಯಲ್ಲಿನ ಕ್ಲೋರೈಡ್ ತೇವದೊಂದಿಗೆ ಕಾಂಕ್ರೀಟಿನೊಳಗೆ ಇಳಿದು ಅಲ್ಲಿನ ಕಬ್ಬಿಣದ ಸರಳನ್ನು ಮುಟ್ಟಿದಾಗ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹೊರಪದರ ಬಿರಿದು, ಆ ಬಿರುಕಿನಿಂದ ಇನ್ನಷ್ಟು ಉಪ್ಪು ಒಳಸೇರುತ್ತದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯು ಕರಾವಳಿಯ ವಾತಾವರಣಕ್ಕೆ ತೆರೆದ ಕಾಂಕ್ರೀಟನ್ನು ತೀವ್ರ ವರ್ಗದಲ್ಲಿ ಸೇರಿಸಿ, ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟನ್ನೂ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆಯನ್ನೂ ವಿಧಿಸುತ್ತದೆ. ಅದಕ್ಕೂ ಮುಂಚಿನ ನಮ್ಮ ಕಟ್ಟಡದಲ್ಲಿ ಹೊದಿಕೆ ಅಷ್ಟಿಲ್ಲ. ಆದ್ದರಿಂದ ಮಳೆ ಬಿಡುವು ಕೊಟ್ಟಾಗಲೆಲ್ಲ ಪಶ್ಚಿಮ ದಿಕ್ಕಿನ ಬಾಲ್ಕನಿ, ಸಜ್ಜಾ, ತೊಲೆಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ ಹೋಗುತ್ತೇನೆ. ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುತ್ತೇನೆ. ಕಂದು ಬಣ್ಣದ ಕಲೆ ಎಲ್ಲಿಂದ ಇಳಿಯುತ್ತಿದೆ, ನೀರು ಯಾವ ಮೂಲೆಯಿಂದ ಒಸರುತ್ತಿದೆ ಎಂಬುದು ಸುರಿಯುವ ಮಳೆಯಲ್ಲಿ ಮಾತ್ರ ಖಚಿತವಾಗಿ ತಿಳಿಯುತ್ತದೆ. ಬೇಸಿಗೆಯಲ್ಲಿ ಪರಿಶೀಲಿಸುವ ಎಂಜಿನಿಯರ್‌ಗೆ ಈ ಚಿತ್ರಗಳು ಬಹಳ ನೆರವಾಗಿವೆ. ಹೊರಾಂಗಣದ ರೇಲಿಂಗ್‌ಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇಲ್ಲಿ ಸಾಲದು, ಮಾಲಿಬ್ಡಿನಮ್ ಬೆರೆತ 316 ಬೇಕು ಎಂಬ ಮಾತಿಗೂ ಕಲೆಗಟ್ಟಿದ ರೇಲಿಂಗಿನ ಚಿತ್ರವೇ ಸಾಕ್ಷಿಯಾಯಿತು.

ಮುಚ್ಚಿದ ಮನೆಗಳ ಒಳಗಿನ ಸುದ್ದಿಗೆ ಬೇರೆ ಭಾಗವಿದೆ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ತಾರಸಿಯ ತೊಟ್ಟಿಗಳಲ್ಲಿಯೂ ಬಾವಿಗಳಲ್ಲಿಯೂ ಮೊಟ್ಟೆಯಿಡುತ್ತದೆ. ಡೆಂಗಿಯ ಸೊಳ್ಳೆಗೆ ಬಾಲ್ಕನಿಯ ಹೂಕುಂಡದ ತಟ್ಟೆಯೇ ಸಾಕು. ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದು, ಅವರೇ ನೇಮಿಸಿದ ನೆರೆಯವರೊಬ್ಬರ ಎದುರಿನಲ್ಲಿ ವಾರಕ್ಕೊಮ್ಮೆ ಬಾಗಿಲು ತೆರೆಸಿ, ಬಕೆಟ್ ಬರಿದು ಮಾಡಿಸಿ, ಕಿಟಕಿ ತೆರೆದು ಗಾಳಿಯಾಡಿಸುತ್ತೇವೆ. ಯಾವ ಮನೆಯಲ್ಲಿ ಏನು ಕಂಡಿತೆಂಬುದನ್ನು ಆಯಾ ಮಾಲೀಕರಿಗೆ ಮಾತ್ರ ತಿಳಿಸುತ್ತೇನೆ. ಎಲ್ಲರ ವರದಿಯಲ್ಲಿ ಮನೆಸಂಖ್ಯೆ ಬರೆದು ಯಾರನ್ನೂ ಮುಜುಗರಕ್ಕೆ ಒಡ್ಡುವುದಿಲ್ಲ.

ಇಲ್ಲಿಯೇ ಉಳಿದವರ ಸುದ್ದಿಯೂ ಇರಬೇಕೆಂಬುದು ನನ್ನ ಹಂಬಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಪಕ್ಕದ ಮೀನುಗಾರ ಕುಟುಂಬಗಳಿಗೆ ಅದು ಬಿಗಿಯಾದ ಕಾಲ. ನಮ್ಮ ಚರಂಡಿ ಬಿಡಿಸುವ, ತೆಂಗಿನ ಗರಿ ತೆಗೆಯುವ ಕೆಲಸವನ್ನು ಆಗ ಅವರಿಗೇ ವಹಿಸುತ್ತೇವೆ. ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಎತ್ತರದ ಅಲೆಗಳ ಮುನ್ಸೂಚನೆ ಬಂದಾಗ ಅದನ್ನು ಕಾವಲುಗಾರನಿಗೂ ಅವರಿಗೂ ತಲುಪಿಸಿದ ಬಳಿಕವೇ ಮಾಲೀಕರಿಗೆ ಕಳುಹಿಸುತ್ತೇನೆ.

ಸೆಪ್ಟೆಂಬರಿನ ವರದಿಯೊಂದಿಗೆ ಎಂಜಿನಿಯರ್ ಸಹಿ ಮಾಡಿದ ಅಂದಾಜುಪಟ್ಟಿಯೂ ಪ್ರತಿ ಮನೆಯ ಪಾಲಿನ ಮೊತ್ತವೂ ಹೋಗುತ್ತವೆ. ತಿಂಗಳು ಮುಗಿಯುವ ಮೊದಲು ಒಪ್ಪಿಗೆ ಬೇಕೆಂದು ಕೇಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಬಿರಿದ ಕಾಂಕ್ರೀಟನ್ನು ಸರಳಿನ ಹಿಂಭಾಗದವರೆಗೆ ಕೆತ್ತಿ, ತುಕ್ಕು ಉಜ್ಜಿ, ಸಿಹಿನೀರಿನಿಂದ ತೊಳೆದು, ಸತುವಿನ ಲೇಪ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬುವ ಕೆಲಸಕ್ಕೆ ಮಳೆಯಿಲ್ಲದ ದಿನಗಳೂ ಉಪ್ಪಿಲ್ಲದ ನೀರೂ ಒಟ್ಟಿಗೆ ಬೇಕು. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಅದೇ ಐಎಸ್ 456 ಸಂಹಿತೆ ಹೇಳುತ್ತದೆ. ನಮ್ಮ ಬಾವಿಯ ನೀರು ಮಳೆಗಾಲದ ಕೊನೆಗೆ ಸಿಹಿಯಾಗಿದ್ದು, ಏಪ್ರಿಲ್ ಹೊತ್ತಿಗೆ ಉಪ್ಪಾಗುತ್ತದೆ. ಆದ್ದರಿಂದ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗಿನ ಅವಧಿಯೇ ನಮಗೆ ದೊರೆಯುವ ಕಾಲ. ಈ ವರ್ಷ ಪಶ್ಚಿಮದ ಬಾಲ್ಕನಿಗಳ ಕೆಲಸಕ್ಕೆ ಬೇಕಾದ ಬಹುಮತ ವರದಿ ತಲುಪಿದ ವಾರದಲ್ಲೇ ದೊರೆತಿದೆ. ಬಾವಿಯ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ.