ಸಮುದ್ರದ ತಳದಿಂದ ಬಂದ ವಿಮಾನದ ಮೆಷಿನ್ ಗನ್: ನಾನು ಗುರುತು ಹಿಡಿಯುವ ಬಗೆ

ಎರಡನೇ ಮಹಾಯುದ್ಧದ ವಿಮಾನದ ಮೆಷಿನ್ ಗನ್ ಮೀನುಬಲೆಗೆ ಸಿಕ್ಕಿ ಮೇಲೆ ಬಂದಾಗ ಗನ್ ಥರ ಕಾಣುವುದೇ ಇಲ್ಲ. ಸುಣ್ಣ, ಮರಳು, ಚಿಪ್ಪು, ತುಕ್ಕು ಎಲ್ಲ ಸೇರಿ ಗಟ್ಟಿಯಾದ ಉದ್ದನೆಯ ಗಡ್ಡೆ, ಅಷ್ಟೇ. ಹಾಗಾದರೆ ವಿಮಾನ ಎಲ್ಲಿ ಹೋಯಿತು ಅಂತ ತುಂಬಾ ಜನ ಕೇಳುತ್ತಾರೆ. ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದರೆ ಮೊದಲು ಕರಗುವುದು ಅಲ್ಯುಮಿನಿಯಂ. ಅದು ಕರಗುತ್ತಿರುವಷ್ಟು ಕಾಲ ಉಕ್ಕಿಗೆ ರಕ್ಷಣೆ ಸಿಗುತ್ತದೆ. ಅದಕ್ಕೇ ರೆಕ್ಕೆ, ಮೈ ಎಲ್ಲ ಹೋಗಿ ಎಂಜಿನ್ ಮತ್ತು ಗನ್ ಮಾತ್ರ ಉಳಿದಿರುವುದು ಮಾಮೂಲು.

ಇಂಥ ಗಡ್ಡೆ ನನ್ನ ಮೇಜಿಗೆ ಬರುವ ಮೊದಲು ಬಾಂಬ್ ನಿಷ್ಕ್ರಿಯ ದಳದವರು ನೋಡಿರಲೇಬೇಕು. ಇದರಲ್ಲಿ ರಾಜಿ ಇಲ್ಲ. ಎಂಬತ್ತು ವರ್ಷ ನೀರಲ್ಲಿದ್ದರೂ ಹಿತ್ತಾಳೆ ಕಾಟ್ರಿಜ್ ಒಳಗಿನ ಮದ್ದು ಒಣಗಿಯೇ ಇರಬಹುದು. ಬೆಂಕಿ ಹಚ್ಚುವ ಕೆಲವು ಗುಂಡುಗಳಲ್ಲಿ ಬಿಳಿ ರಂಜಕ ಇರುತ್ತದೆ. ಅದು ಗಾಳಿಗೆ ಒಡ್ಡಿಕೊಂಡರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. ಗನ್ನನ್ನು ಒಣಗಲು ಬಿಡಬಾರದು, ಬ್ರಷ್ ಹಾಕಿ ಉಜ್ಜಲೂಬಾರದು. ಒಣಗಿದರೆ ಉಕ್ಕಿನೊಳಗೆ ಇಳಿದಿರುವ ಕ್ಲೋರೈಡ್, ಅಂದರೆ ಸಮುದ್ರದ ಉಪ್ಪಿನ ಅಂಶ, ಹೊಸ ತುಕ್ಕು ಹುಟ್ಟಿಸುತ್ತದೆ, ಮೇಲ್ಮೈ ಪದರ ಪದರವಾಗಿ ಉದುರುತ್ತದೆ. ಉದುರುವುದು ಬರೀ ತುಕ್ಕಲ್ಲ. ನಾವು ಹುಡುಕುತ್ತಿರುವ ಗನ್ನಿನ ಸೀರಿಯಲ್ ನಂಬರ್ ಇರುವುದೂ ಆ ಪದರದಲ್ಲೇ. ಹಾಗಾಗಿ ಗನ್ ಬಂದ ಕೂಡಲೇ ನೀರಿನ ತೊಟ್ಟಿಗೆ ಹೋಗುತ್ತದೆ. ಅಲ್ಲಿಂದ ಎಕ್ಸ್-ರೇಗೆ.

ಹೊಸಬರು ಮೊದಲು ನೋಡುವುದು ನಳಿಕೆಯ ಬಾಯಿ. ಎಷ್ಟು ಮಿಲಿಮೀಟರ್ ಅಂತ ಅಳೆದರೆ ಮುಗಿಯಿತು ಅಲ್ವಾ ಅನ್ನುತ್ತಾರೆ. ಮುಗಿಯುವುದಿಲ್ಲ. ಬ್ರಿಟಿಷರ ಪಾಯಿಂಟ್ 303 ಅಂದರೆ 7.7 ಮಿ.ಮೀ. ಜರ್ಮನ್ನರದು 7.92. ಎರಡರ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ಜಾಸ್ತಿ ಉಕ್ಕನ್ನು ಸಮುದ್ರ ತಿಂದಿರುತ್ತದೆ. ಉದ್ದವೂ ಅಷ್ಟೇ. ಬ್ರಿಟಿಷ್ ಬ್ರೌನಿಂಗ್ 303 ಸುಮಾರು 1.13 ಮೀಟರ್, ಜರ್ಮನ್ ಎಂಜಿ 131 ಸುಮಾರು 1.17 ಮೀಟರ್. ಮೇಲೆ ಗಡ್ಡೆ ಕಟ್ಟಿಕೊಂಡರೆ ಎರಡೂ ಒಂದೇ. ಆದರೆ ಮೊದಲನೆಯದು ಹತ್ತು ಕಿಲೋ ಆಸುಪಾಸು, ಎರಡನೆಯದು ಹದಿನಾರೂವರೆ ದಾಟುತ್ತದೆ. ಅಳತೆಗಿಂತ ಎಕ್ಸ್-ರೇಯಲ್ಲಿ ಕಾಣುವ ಉಕ್ಕಿನ ದಪ್ಪವನ್ನೇ ನಾನು ಹೆಚ್ಚು ನಂಬುತ್ತೇನೆ.

ಅದಕ್ಕಿಂತಲೂ ಹೆಚ್ಚು ನಂಬುವುದು ಗುಂಡು ಒಳಗೆ ಹೋಗುತ್ತಿದ್ದ ದಾರಿಯನ್ನು. ಬೆಲ್ಟಿನಿಂದಲೋ, ಡ್ರಮ್ಮಿನಿಂದಲೋ, ಮೇಲೆ ಕೂರುವ ತಟ್ಟೆಯಿಂದಲೋ? ಬೆನ್ನಿನ ಎರಡೂ ಬದಿಗೆ ಜೋಡಿ ಡ್ರಮ್ ಇಳಿಬಿಟ್ಟಿದ್ದರೆ ಎಂಜಿ 15 ಕಣ್ಣಿಗೆ ಬರುತ್ತದೆ. ಜರ್ಮನ್ ಬಾಂಬರ್‌ಗಳಲ್ಲಿ ಸಿಬ್ಬಂದಿ ಕೈಯಲ್ಲಿ ಹಿಡಿದು ಹಾರಿಸುತ್ತಿದ್ದ 75 ಗುಂಡಿನ ಗನ್ ಅದು. ಅದರ ಸೋದರ ಎಂಜಿ 17 ಬೆಲ್ಟ್ ಗನ್. ಅದನ್ನು ವಿಮಾನದಲ್ಲಿ ಕದಲದಂತೆ ಕೂರಿಸುತ್ತಿದ್ದರು. ಚಪ್ಪಟೆ ದುಂಡು ತಟ್ಟೆ ಇದ್ದರೆ ಬ್ರಿಟಿಷರ ಲೂಯಿಸ್ ಅಥವಾ ವಿಕರ್ಸ್ ಕೆ ಗನ್. ಉದ್ದನೆಯ ಚೌಕ ಪೆಟ್ಟಿಗೆ, ಮುಂದೆ ದುಂಡು ತೂತುಗಳ ತೋಳು, ಒಟ್ಟು ಸುಮಾರು 1.45 ಮೀಟರ್ ಇದ್ದರೆ ಅಮೆರಿಕದ ಪಾಯಿಂಟ್ 50 ಬ್ರೌನಿಂಗ್, ಅಂದರೆ ಎಎನ್-ಎಂ2. ಆದರೆ ಲೂಯಿಸ್ ಕಂಡ ಕೂಡಲೇ ಬ್ರಿಟಿಷ್ ಅನ್ನುವಂತಿಲ್ಲ. ಜಪಾನ್ ನೌಕಾಪಡೆಯ ಟೈಪ್ 92 ಅದೇ ಲೂಯಿಸ್‌ನ ನಕಲು. ಗುಂಡೂ ಅದೇ ಅಳತೆಯದು.

ಎಕ್ಸ್-ರೇಯಲ್ಲಿ ನಾನು ತಪ್ಪದೆ ನೋಡುವ ಇನ್ನೊಂದು ಜಾಗ ಬೋಲ್ಟ್, ಅಂದರೆ ಗುಂಡನ್ನು ನಳಿಕೆಯೊಳಗೆ ತಳ್ಳಿ ಹಿಂಬದಿ ಮುಚ್ಚುವ ಉಕ್ಕಿನ ತುಂಡು. ಬ್ರಿಟಿಷರ ಕಾರ್ಡೈಟ್ ಮದ್ದು ಕಾದ ನಳಿಕೆಯಲ್ಲಿ ತಾನಾಗಿಯೇ ಸಿಡಿಯುವ ಅಪಾಯವಿತ್ತು. ಅದಕ್ಕೇ ಅವರು ಬ್ರೌನಿಂಗನ್ನು ಬದಲಿಸಿಕೊಂಡರು. ಗುಂಡು ಹಾರಿಸುವುದು ನಿಲ್ಲಿಸಿದಾಗ ಬೋಲ್ಟ್ ಹಿಂದೆಯೇ ನಿಲ್ಲುವ ಹಾಗೆ ಮಾಡಿದರು. ಅಮೆರಿಕದ ಎಎನ್-ಎಂ2ನಲ್ಲಿ ಬೋಲ್ಟ್ ಮುಂದೆ ಮುಚ್ಚಿಕೊಂಡೇ ಇರುತ್ತದೆ, ಗುಂಡು ನಳಿಕೆಯ ಒಳಗೆ ತಯಾರಾಗಿ ಕೂತಿರುತ್ತದೆ. ಬ್ರಿಟಿಷ್ ಬ್ರೌನಿಂಗಿನಲ್ಲಿ ಬೋಲ್ಟ್ ಹಿಂದೆ ನಿಂತಿದೆ ಅಂದರೆ ಮುಳುಗುವಾಗ ಆ ಗನ್ ಹಾರಿಸಲು ಸಿದ್ಧವಾಗಿತ್ತು. ಆ ಚಿತ್ರ ಪರದೆಗೆ ಬಂದಾಗ ಪ್ರತಿ ಸಲವೂ ನನ್ನ ಮೈ ಜುಂ ಅನ್ನುತ್ತದೆ.

ಕಾಟ್ರಿಜ್ ಒಂದೇ ಒಂದು ಸಿಕ್ಕಿದರೂ ಕೆಲಸ ಅರ್ಧ ಆದಂತೆ. 303ರ ಬುಡದಲ್ಲಿ ಹೊರಗೆ ಚಾಚಿದ ಅಂಚು ಇರುತ್ತದೆ, ಅಗಲ ಸುಮಾರು 13.7 ಮಿ.ಮೀ. ಜರ್ಮನ್ 7.92ಕ್ಕೆ ಆ ಅಂಚೇ ಇಲ್ಲ, ಬುಡ ಹನ್ನೆರಡು ಮಿ.ಮೀ. ಒಳಗೆ. ನಳಿಕೆ ಹೇಳದಿದ್ದುದನ್ನು ಈ ಹಿತ್ತಾಳೆ ಹೇಳುತ್ತದೆ. ಬುಡದ ಮೇಲೆ ತಯಾರಕರ ಗುರುತು ಮತ್ತು ವರ್ಷ ಒತ್ತಿರುತ್ತಾರೆ. ಅಮೆರಿಕದ ಗುಂಡಿನ ಮೇಲೆ ಎಸ್ ಎಲ್ 43 ಅಂತಿದ್ದರೆ ಸೇಂಟ್ ಲೂಯಿಸ್ ಕಾರ್ಖಾನೆ, 1943. ಬ್ರಿಟಿಷ್ ಗುಂಡಿನ ಮೇಲೆ ಡಬ್ಲ್ಯು ಇದ್ದರೆ ಕವಚ ಸೀಳುವುದು, ಜಿ ಇದ್ದರೆ ಹೊಳೆಯುತ್ತಾ ಹೋಗುವ ಟ್ರೇಸರ್, ಬಿ ಇದ್ದರೆ ಬೆಂಕಿ ಹಚ್ಚುವುದು. ವರ್ಷ ಹೇಳುವುದು ಇಷ್ಟೇ: ವಿಮಾನ ಬಿದ್ದದ್ದು ಅದಕ್ಕಿಂತ ಮೊದಲಲ್ಲ. ಎಷ್ಟು ನಂತರ ಅನ್ನುವುದನ್ನು ಅದು ಹೇಳುವುದಿಲ್ಲ.

ಇಷ್ಟಾದರೂ ಗನ್ ಗೊತ್ತಾಯಿತು, ವಿಮಾನ ಗೊತ್ತಾಗಲಿಲ್ಲ. 303 ಬ್ರೌನಿಂಗ್ ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಯಲ್ಲೂ ಇತ್ತು, ಲ್ಯಾಂಕಾಸ್ಟರ್ ಬಾಂಬರ್‌ನ ಗೋಪುರದಲ್ಲೂ (ಗನ್ ಕೂರಿಸಿದ ತಿರುಗುವ ಗೂಡು) ಇತ್ತು. ಹಾಗಾಗಿ ಅಂಟಿಕೊಂಡ ಚಿಕ್ಕಪುಟ್ಟ ತುಂಡುಗಳನ್ನು ನಾನು ಬಿಸಾಡಲು ಬಿಡುವುದಿಲ್ಲ. ಸ್ಪಿಟ್‌ಫೈರ್‌ನ ಗನ್‌ಗಳನ್ನು ಗಾಳಿಯ ಒತ್ತಡದಿಂದ ಹಾರಿಸುತ್ತಿದ್ದರು. ಲ್ಯಾಂಕಾಸ್ಟರ್‌ನಲ್ಲಿದ್ದ ಫ್ರೇಜರ್-ನ್ಯಾಶ್ ಮಾದರಿಯ ಗೋಪುರಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ, ಅಂದರೆ ದ್ರವದ ಒತ್ತಡದಿಂದ ನಡೆಯುವ ವ್ಯವಸ್ಥೆ ಇತ್ತು. ಒಂದು ಸಣ್ಣ ಕೊಳವೆಯ ತುಂಡು ಉತ್ತರ ಕೊಟ್ಟೀತು.

ಎಲ್ಲಕ್ಕಿಂತ ದೊಡ್ಡದು ಸೀರಿಯಲ್ ನಂಬರ್. ಅಮೆರಿಕದ ವಾಯುಸೇನೆ 1943ರಿಂದ ಕಾಣೆಯಾದ ವಿಮಾನಗಳಿಗೆ 'ಮಿಸ್ಸಿಂಗ್ ಏರ್ ಕ್ರ್ಯೂ ರಿಪೋರ್ಟ್' ಬರೆಯತೊಡಗಿತು. ಆ ನಮೂನೆಯಲ್ಲಿ ಎಂಜಿನ್ ನಂಬರ್ ಜೊತೆಗೆ ವಿಮಾನದಲ್ಲಿದ್ದ ಮೆಷಿನ್ ಗನ್‌ಗಳ ನಂಬರ್ ಬರೆಯಲೂ ಜಾಗವಿದೆ. ಅದು ತುಂಬಿದ್ದರೆ ಗನ್ನಿನ ಮೇಲಿನ ಕೆಲವು ಅಂಕಿಗಳು ನೇರವಾಗಿ ಸಿಬ್ಬಂದಿಯ ಹೆಸರುಗಳಿಗೆ ಕರೆದೊಯ್ಯುತ್ತವೆ. ಬ್ರಷ್ ಹಾಕಬೇಡಿ ಅಂತ ನಾನು ಇಷ್ಟು ಹಟ ಹಿಡಿಯುವುದು ಇದೇ ಕಾರಣಕ್ಕೆ. ಗಡ್ಡೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಚೂರುಚೂರಾಗಿ ತೆಗೆಯುತ್ತೇನೆ, ನಂಬರ್ ಇರುವ ಬದಿಯನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಓರೆಯಾಗಿ ಬೆಳಕು ಬಿಟ್ಟು ಬೇರೆ ಬೇರೆ ಕೋನದಿಂದ ಫೋಟೋ ತೆಗೆಯುತ್ತೇನೆ. 3 ಮತ್ತು 8ರ ನಡುವೆ ಅನುಮಾನ ಇದ್ದರೆ ಎರಡನ್ನೂ ಬರೆದಿಡುತ್ತೇನೆ, ಊಹಿಸಿ ಒಂದನ್ನು ಆರಿಸುವುದಿಲ್ಲ.

ನನ್ನ ಕಾರ್ಡಿನಲ್ಲಿ ಮೂರು ಸಾಲು ಇರುತ್ತವೆ: ಯಾವ ಗನ್, ಎಲ್ಲಿ ಕೂರಿಸಿದ್ದು, ಯಾವ ವಿಮಾನ. ಮೂರನೆಯದು ಎಷ್ಟೋ ಸಲ ಖಾಲಿ ಉಳಿಯುತ್ತದೆ. ಬಲೆ ಗನ್ನನ್ನು ದೂರ ಎಳೆದುಕೊಂಡು ಬಂದಿರಬಹುದು, ಸಿಕ್ಕ ಜಾಗವೇ ಬಿದ್ದ ಜಾಗ ಅಂತ ಹೇಳಲು ಆಗುವುದಿಲ್ಲ. ಮೂರನೇ ಸಾಲು ತುಂಬಿದರೆ ಅದು ಮೊದಲು ಹೋಗುವುದು ಸಂಬಂಧಪಟ್ಟ ದೇಶದ ಅಧಿಕಾರಿಗಳಿಗೆ. ಬ್ರಿಟನ್ನಿನಲ್ಲಿ 1986ರ ಕಾನೂನಿನ ಪ್ರಕಾರ ಸೇನಾ ಸೇವೆಯಲ್ಲಿ ಬಿದ್ದ ವಿಮಾನದ ಅವಶೇಷಗಳಿಗೆಲ್ಲ ರಕ್ಷಣೆ ಇದೆ. ಅಮೆರಿಕದಲ್ಲಿ ಕಾಣೆಯಾದ ಯೋಧರನ್ನು ಹುಡುಕಲೆಂದೇ ಡಿಪಿಎಎ ಸಂಸ್ಥೆ ಇದೆ. ತಳದಲ್ಲಿ ಇನ್ನೂ ಸಿಬ್ಬಂದಿಯ ದೇಹ ಇರಬಹುದು, ಆದ್ದರಿಂದ ಜಾಗದ ವಿವರವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಮನೆಯವರಿಗೆ ಸುದ್ದಿ ಮುಟ್ಟಿಸುವುದು ಆ ಅಧಿಕಾರಿಗಳ ಕೆಲಸ. ಗನ್ ಮಾತ್ರ ನನ್ನ ತೊಟ್ಟಿಯಲ್ಲೇ ಇರುತ್ತದೆ, ನೀರಿನಲ್ಲಿ ಕ್ಲೋರೈಡ್ ಬರುವುದು ನಿಲ್ಲುವವರೆಗೆ.