ಗ್ರೋತ್ ಪ್ಲಾನ್‌ನ ತಲೆಕೆಳಗು ಮಾಡಿ ಬರೆದಿದ್ದು: ನನ್ನ ಅನುಭವ

ನಮ್ಮ ಪ್ರದೇಶದ ಗ್ರೋತ್ ಪ್ಲಾನ್ ಅಪ್‌ಡೇಟ್ ಮಾಡೋ ಕೆಲಸ ನನ್ನ ಟೇಬಲ್‌ಗೆ ಬಂದಾಗ ಹಳೇ ಪ್ಲಾನ್‌ನಲ್ಲಿ ಹದಿನಾಲ್ಕು ಅಧ್ಯಾಯ ಇತ್ತು, ಪರಿಸರ ಅನ್ನೋದು ಹದಿಮೂರನೇದು, ಹವಾಮಾನ ಬದಲಾವಣೆ ಅನ್ನೋ ಮಾತು ಇಡೀ ಪುಸ್ತಕದಲ್ಲಿ ಎರಡೇ ಕಡೆ ಬಂದಿತ್ತು. ನನಗೆ ಹೇಳಿದ್ದು ಇಷ್ಟೇ, ಅದರ ಮೇಲೆ ಒಂದು ಹೊಸ ಅಧ್ಯಾಯ ಬರೆದು ಸೇರಿಸಿ, ಆರು ತಿಂಗಳು ಸಾಕಲ್ವಾ ಅಂತ. ಸಾಕಾಗ್ಲಿಲ್ಲ, ಎರಡೂವರೆ ವರ್ಷ ಹಿಡೀತು, ಆ ಹೊಸ ಅಧ್ಯಾಯವನ್ನ ನಾವು ಕೊನೆಗೂ ಬರೀಲೇ ಇಲ್ಲ. ಇದೇ ಕೆಲಸಕ್ಕೆ ಕೈ ಹಾಕೋರಿಗೆ ಉಪಯೋಗ ಆಗ್ಲಿ ಅಂತ ನಡೆದಿದ್ದನ್ನ ನೆನಪಿದ್ದಷ್ಟು ಬರೀತಿದೀನಿ.

ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ನಗರ ಮತ್ತೆ ಅದರ ಸುತ್ತ ಇರೋ ಸಣ್ಣ ಊರುಗಳು ಎಲ್ಲಾ ಸೇರಿ ಮುಂದಿನ ಇಪ್ಪತ್ತು ಮೂವತ್ತು ವರ್ಷದಲ್ಲಿ ಹೇಗೆ ಬೆಳೀಬೇಕು, ಮನೆ ಎಲ್ಲಿ, ಕೆಲಸದ ಜಾಗ ಎಲ್ಲಿ, ರಸ್ತೆ ನೀರು ಚರಂಡಿ ಯಾವ ಕಡೆಗೆ ಹೋಗ್ಬೇಕು ಅಂತ ನಿರ್ಧರಿಸೋದೇ ರೀಜನಲ್ ಗ್ರೋತ್ ಪ್ಲಾನ್. ಇದನ್ನ ಮಾಡೋಕೆ ಒಂದು ರೂಢಿ ಬಿದ್ದುಹೋಗಿದೆ. ಮೊದಲು ಜನಸಂಖ್ಯೆ ಅಂದಾಜು, ಅದರಿಂದ ಎಷ್ಟು ಮನೆ ಬೇಕು, ಅದರಿಂದ ಎಷ್ಟು ಎಕರೆ ಬೇಕು, ಆಮೇಲೆ ರಸ್ತೆ, ಆಮೇಲೆ ನೀರು, ಎಲ್ಲಾ ಮುಗಿದ ಮೇಲೆ ಪರಿಸರಕ್ಕೆ ಆಗೋ ತೊಂದರೆ ಕಮ್ಮಿ ಮಾಡೋಕೆ ಏನು ಮಾಡಬಹುದು ಅಂತ ಒಂದು ಪಟ್ಟಿ. ಈ ಸಾಲಿನ ಕೊನೇಲಿ ನಿಂತು ಎಷ್ಟು ಒಳ್ಳೇ ಅಧ್ಯಾಯ ಬರೆದ್ರೂ ಮ್ಯಾಪ್‌ನಲ್ಲಿ ಒಂದು ಗೆರೆನೂ ಬದಲಾಗಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಎಲ್ಲಾ ತೀರ್ಮಾನ ಆಗಿಹೋಗಿರುತ್ತೆ. ಇದು ನನಗೆ ಅರ್ಥ ಆಗೋಕೇ ಮೊದಲ ನಾಲ್ಕು ತಿಂಗಳು ಬೇಕಾಯ್ತು, ಆ ನಾಲ್ಕು ತಿಂಗಳಲ್ಲಿ ನಾನು ಬರೆದ ಮೂವತ್ತು ಪುಟ ಹಾಗೇ ಪಕ್ಕಕ್ಕೆ ಹೋಯ್ತು.

ತಿರುವು ಸಿಕ್ಕಿದ್ದು ಒಂದು ಬಹಳ ಸರಳ ಕೆಲಸದಿಂದ. ಹಳೇ ಪ್ಲಾನ್‌ನಲ್ಲಿ ಗುರುತಿಸಿದ್ದ ಆರು ಗ್ರೋತ್ ಸೆಂಟರ್‌ಗಳ, ಅಂದ್ರೆ ಹೊಸ ಬೆಳವಣಿಗೆಗೆ ಅಂತ ಆರಿಸಿದ ಜಾಗಗಳ, ಗಡಿಯನ್ನ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಹಾಕಿ, ಅದರ ಮೇಲೆ ಮುಳುಗೋ ಜಾಗವನ್ನ ನೀಲಿಯಲ್ಲಿ ತೋರಿಸೋ ಪ್ರವಾಹದ ಲೇಯರ್ ಇಟ್ಟು ನೋಡ್ದೆ. ಎರಡು ಸೆಂಟರ್‌ಗಳು ಮುಕ್ಕಾಲು ಭಾಗ ನೀಲಿ ಆಗಿದ್ವು. ಹತ್ತು ವರ್ಷ ಆ ಪ್ಲಾನ್ ಜಾರಿಯಲ್ಲಿತ್ತು, ಎರಡೂ ಮ್ಯಾಪ್ ಬೇರೆ ಬೇರೆ ಇಲಾಖೆಯ ಕಂಪ್ಯೂಟರ್‌ನಲ್ಲಿ ಇದ್ವು, ಒಂದರ ಮೇಲೊಂದು ಇಟ್ಟು ನೋಡಿದವರು ಯಾರೂ ಇರಲಿಲ್ಲ. ನೀವೂ ಈ ಕೆಲಸ ಮಾಡ್ತಿದ್ರೆ ದಯವಿಟ್ಟು ಬೇರೆ ಏನೂ ಶುರು ಮಾಡೋಕೆ ಮೊದಲು ಇದನ್ನ ಮಾಡಿ, ಒಂದು ಮಧ್ಯಾಹ್ನದ ಕೆಲಸ.

ಆದ್ರೆ ಆ ನೀಲಿಯನ್ನ ಕಣ್ಣು ಮುಚ್ಚಿ ನಂಬೋಕೂ ಆಗಲ್ಲ. ನಾನು ಮೊದಲು ಬಳಸಿದ್ದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ಶಟಲ್‌ನಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎತ್ತರದ ಡೇಟಾ, ಉಚಿತವಾಗಿ ಸಿಗುತ್ತೆ, 30 ಮೀಟರ್‌ಗೆ ಒಂದು ಚೌಕ. ಅದು ಮರದ ತುದಿ, ಕಟ್ಟಡದ ಚಾವಣಿ ಎಲ್ಲಾನೂ ಸೇರಿಸಿ ನೆಲ ಅಂತಾನೇ ಲೆಕ್ಕ ಹಾಕುತ್ತೆ, ಎತ್ತರದಲ್ಲಿ ಕೆಲವು ಮೀಟರ್ ತಪ್ಪು ಬರೋದು ಸಾಮಾನ್ಯ, ಗುಡ್ಡಗಾಡಲ್ಲಿ ಪರವಾಗಿಲ್ಲ ಆದ್ರೆ ಸಮತಟ್ಟು ಬಯಲಲ್ಲಿ ಅರ್ಧ ಮೀಟರ್ ಆಚೆ ಈಚೆ ಆದ್ರೂ ಒಂದು ಇಡೀ ಬಡಾವಣೆ ಮುಳುಗುತ್ತಾ ಇಲ್ವಾ ಅನ್ನೋದೇ ಬದಲಾಗಿಬಿಡುತ್ತೆ. ಆ ಎರಡು ಸೆಂಟರ್‌ಗಳಿಗೆ ಮಾತ್ರ ಲೈಡಾರ್ ಸರ್ವೆ, ಅಂದ್ರೆ ಲೇಸರ್‌ನಿಂದ ನೆಲದ ಎತ್ತರ ನಿಖರವಾಗಿ ಅಳೆಯೋದು, ಮಾಡಿಸಿ ಅಂತ ಪಟ್ಟು ಹಿಡಿದೆ. ಇಡೀ ಪ್ರದೇಶಕ್ಕೆ ಕೇಳಿದ್ರೆ ಖಂಡಿತ ಸಿಗ್ತಿರಲಿಲ್ಲ, ಎರಡೇ ಜಾಗಕ್ಕೆ ಅಂದಿದ್ದಕ್ಕೆ ಒಪ್ಪಿದ್ರು. ಫಲಿತಾಂಶ ಬಂದಾಗ ಒಂದು ಸೆಂಟರ್ ನಾವು ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ವಾಸಿ ಇತ್ತು, ಇನ್ನೊಂದು ಬಹಳ ಕೆಟ್ಟದಾಗಿತ್ತು, ಅದನ್ನ ಪ್ಲಾನ್‌ನಿಂದ ತೆಗೆದ್ವಿ.

ಮೀಟಿಂಗ್‌ಗಳಲ್ಲಿ ಎದುರಾದ ಮೊದಲ ಮಾತು, ಇದು ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ ತಾನೆ, ಅಷ್ಟಕ್ಕೆ ಯಾಕೆ ಹೆದರ್ಬೇಕು ಅಂತ. ಈ ಹೆಸರೇ ಜನರನ್ನ ದಾರಿ ತಪ್ಪಿಸುತ್ತೆ. ನೂರು ವರ್ಷದ ಪ್ರವಾಹ ಅಂದ್ರೆ ಪ್ರತಿ ವರ್ಷ 1% ಸಾಧ್ಯತೆ ಅಂತ ಅಷ್ಟೇ, ಈ ವರ್ಷ ಬಂದಿದ್ದು ಮುಂದಿನ ವರ್ಷನೂ ಬರಬಹುದು. ಮೂವತ್ತು ವರ್ಷ ಆ ಮನೇಲಿದ್ರೆ ಒಂದು ಸಲನಾದ್ರೂ ನೀರು ಒಳಗೆ ಬರೋ ಸಾಧ್ಯತೆ 26%, ಅಂದ್ರೆ ನಾಲ್ಕರಲ್ಲಿ ಒಂದು. ನಾನು ಸ್ಲೈಡ್‌ನಲ್ಲಿ ಮೂವತ್ತು ವರ್ಷದ ಮನೆ ಸಾಲದ ಪಕ್ಕದಲ್ಲಿ ಈ ನಂಬರ್ ಇಟ್ಟ ಮೇಲೆ ಆ ಪ್ರಶ್ನೆ ಮತ್ತೆ ಬರ್ಲಿಲ್ಲ. ಅದೂ ಹವಾಮಾನ ಬದಲಾಗ್ದೇ ಇದ್ರೆ ಬರೋ ಲೆಕ್ಕ. ಗಾಳಿ 1 ಡಿಗ್ರಿ ಬಿಸಿ ಆದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡ್ಕೋಬಲ್ಲದು, ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ ಹಿಂದೆ ಹತ್ತು ವರ್ಷಕ್ಕೊಮ್ಮೆ ಬರ್ತಿದ್ದ ಭಾರಿ ಮಳೆ 1.5 ಡಿಗ್ರಿ ಏರಿಕೆಯಲ್ಲಿ 1.5 ಪಟ್ಟು, 2 ಡಿಗ್ರಿಯಲ್ಲಿ 1.7 ಪಟ್ಟು ಹೆಚ್ಚು ಸಲ ಬರುತ್ತೆ. ಇದು ಜಗತ್ತಿನ ಭೂಭಾಗದ ಸರಾಸರಿ, ನಿಮ್ಮ ಜಾಗದ್ದು ಬೇರೆ ಇರಬಹುದು, ಹಾಗಾಗಿ ಸ್ಥಳೀಯ ಮಳೆ ದಾಖಲೆ ನೋಡ್ಲೇಬೇಕು. ನಮ್ಮ ಇಂಜಿನಿಯರ್‌ಗಳು ಚರಂಡಿ ಡಿಸೈನ್‌ಗೆ ಬಳಸ್ತಿದ್ದ ಮಳೆ ತೀವ್ರತೆಯ ಕರ್ವ್‌ಗಳು ಬಹಳ ಹಳೇ ದಾಖಲೆ ಮೇಲೆ ನಿಂತಿದ್ವು, ನಿನ್ನೆ ಬಂದ ಮಳೆನೇ ನಾಳೆನೂ ಬರುತ್ತೆ ಅನ್ನೋ ನಂಬಿಕೆ ಮೇಲೆ. ಅದನ್ನ ಹೊಸದಾಗಿ ಮಾಡಿಸೋದು ನನ್ನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ, ಆದ್ರೆ ಅದಿಲ್ಲದೆ ಮುಂದೆ ಹೋಗೋ ಹಾಗಿರಲಿಲ್ಲ.

ಈಗ ನೀರಿನ ವಿಷಯ, ಇದೇ ನನ್ನ ಪ್ರಕಾರ ಇಡೀ ಪ್ಲಾನ್ ತಿರುಗಿಸಿದ್ದು. ಒಂದು ಸಾರ್ವಜನಿಕ ಸಭೆಯಲ್ಲಿ ಕೊನೇ ಸಾಲಲ್ಲಿ ಕೂತಿದ್ದ ಒಬ್ಬರು ಎದ್ದು ನಿಂತು, ಸಾರ್ ನೀವು ಇಪ್ಪತ್ತು ವರ್ಷಕ್ಕೆ ಜನ ಇಷ್ಟು ಆಗ್ತಾರೆ ಅಂತ ಹೇಳ್ತಿದೀರ, ನಾನು ಪಂಪ್‌ಹೌಸ್‌ನಲ್ಲಿ ಕೆಲಸ ಮಾಡೋನು, ಬೇಸಿಗೇಲಿ ಈಗಿರೋ ಜನಕ್ಕೇ ಮೋಟಾರ್ ಪೂರ್ತಿ ಹೊತ್ತು ಓಡ್ಸೋಕಾಗ್ತಿಲ್ಲ ಅಂದ್ರು. ಸಭೆ ಮುಗಿದ ಮೇಲೆ ಅವರ ಜೊತೆ ಹೋದೆ. ಪಂಪ್‌ಹೌಸ್‌ನ ಕಬ್ಬಿಣದ ಬೀರುವಿನಲ್ಲಿ ಕೈಯಲ್ಲಿ ಬರೆದ ಲಾಗ್ ಪುಸ್ತಕಗಳು, ಪ್ರತಿ ದಿನ ನದಿಯ ಮಟ್ಟ ಎಷ್ಟು, ಮೋಟಾರ್ ಎಷ್ಟು ಗಂಟೆ ಓಡ್ತು, ಎಷ್ಟೊತ್ತಿಗೆ ನಿಲ್ಲಿಸಿದ್ರು, ಎಲ್ಲಾ ಇತ್ತು, ಇಪ್ಪತ್ತು ವರ್ಷಕ್ಕೂ ಹೆಚ್ಚಿನದ್ದು. ಯಾವ ಅಧಿಕೃತ ಡೇಟಾಬೇಸ್‌ನಲ್ಲೂ ಅದು ಇಲ್ಲ. ಎರಡು ವಾರ ಇಬ್ಬರು ಕೂತು ಪುಟ ಪುಟ ಫೋಟೋ ತೆಗೆದು ಎಕ್ಸೆಲ್‌ಗೆ ಹಾಕಿದ್ವಿ. ನದಿ ಮಟ್ಟ ಪಂಪಿನ ಬಾಯಿಗಿಂತ ಕೆಳಗೆ ಹೋಗೋ ದಿನ ವರ್ಷದಿಂದ ವರ್ಷಕ್ಕೆ ಮುಂಚೆ ಬರ್ತಿರೋದು, ಮಧ್ಯೆ ಒಂದೆರಡು ಒಳ್ಳೇ ವರ್ಷ ಬಂದ್ರೂ, ಗ್ರಾಫ್‌ನಲ್ಲಿ ಎದ್ದು ಕಾಣ್ತಿತ್ತು. ಅದಕ್ಕೆ ಎಷ್ಟು ಪಾಲು ಹವಾಮಾನದ್ದು, ಎಷ್ಟು ಪಾಲು ಮೇಲ್ಗಡೆ ನೀರು ಎತ್ತೋರು ಜಾಸ್ತಿ ಆಗಿದ್ದರದ್ದು ಅಂತ ಬೇರೆ ಮಾಡಿ ಹೇಳೋಕೆ ನಮಗೆ ಆಗ್ಲಿಲ್ಲ, ಪ್ಲಾನ್‌ನಲ್ಲೂ ಹಾಗೇ ಬರೆದ್ವಿ. ಊರಿಗೆ ಸಿಗೋ ನೀರಂತೂ ಕಮ್ಮಿ ಆಗ್ತಿದೆ.

ಅವತ್ತಿಂದ ನಾವು ಸಾಲನ್ನೇ ತಿರುಗಿಸಿದ್ವಿ. ಮೊದಲು ಬೇಸಿಗೆಯ ನೀರು ಎಷ್ಟು, ಪ್ರವಾಹದ ಜಾಗ ಯಾವುದು, ಬಿಸಿ ಎಲ್ಲಿ ಹೆಚ್ಚು, ಮುಟ್ಟಬಾರದ ಜೌಗು ಮತ್ತೆ ಹಳ್ಳದ ದಾರಿ ಯಾವುದು. ಅದೆಲ್ಲಾ ತೆಗೆದ ಮೇಲೆ ಉಳಿದ ಜಾಗ ಎಷ್ಟು, ಆ ಜಾಗದಲ್ಲಿ ಆ ನೀರಿಗೆ ಎಷ್ಟು ಜನ ಸರಿಯಾಗಿ ಬದುಕಬಹುದು. ಜನಸಂಖ್ಯೆ ಅಂದಾಜು ಆಮೇಲೆ. ಕೇಳೋಕೆ ಸುಲಭ, ಆದ್ರೆ ಜನಸಂಖ್ಯೆ ನಂಬರ್ ಮೇಲೇ ಎಲ್ಲಾ ಇಲಾಖೆಯ ಬಜೆಟ್ ನಿಂತಿರುತ್ತೆ, ಅದನ್ನ ಕಮ್ಮಿ ಮಾಡ್ತೀವಿ ಅಂದ್ರೆ ಎಲ್ಲರ ಮುಖನೂ ಬದಲಾಗುತ್ತೆ. ಒಟ್ಟು ನಂಬರ್ ಬಿಟ್ಟು ಹಂತ ಹಂತವಾಗಿ ಹೋಗೋಣ, ಬಳಸಿದ ನೀರನ್ನ ಶುದ್ಧ ಮಾಡಿ ಮತ್ತೆ ಬಳಸೋ ವ್ಯವಸ್ಥೆ ಓಡೋಕೆ ಶುರು ಆದ ಮೇಲೇ ಎರಡನೇ ಹಂತದ ಜಾಗ ತೆರೆಯೋಣ ಅಂತ ಒಂದು ದಾರಿ ಹುಡುಕಿದ್ವಿ. ಅದಕ್ಕೆ ಒಪ್ಪಿಗೆ ಸಿಗ್ತು.

ಹೊಗೆ ಲೆಕ್ಕದ ಬಗ್ಗೆ, ಅಂದ್ರೆ ಊರಿಂದ ಹೊರಗೆ ಹೋಗೋ ಹಸಿರುಮನೆ ಅನಿಲದ ಲೆಕ್ಕದ ಬಗ್ಗೆ, ಹೆಚ್ಚು ಬರೆಯಲ್ಲ, ಅದಕ್ಕೆ 2014ರಿಂದ ನಗರಗಳಿಗೆ ಅಂತಾನೇ ಒಂದು ಜಾಗತಿಕ ಪ್ರೋಟೋಕಾಲ್ ಇದೆ, ಜಿಪಿಸಿ ಅಂತಾರೆ, ಅದನ್ನೇ ಹಿಡ್ಕೊಂಡು ಹೋದ್ವಿ. ಒಂದು ಮಾತ್ರ ಹೇಳ್ಬೇಕು. ಎಲ್‌ಇಡಿ ದೀಪ, ಸೋಲಾರ್ ಚಾವಣಿ ಅಂತ ಎಲ್ಲರೂ ಮಾತಾಡ್ತಾರೆ, ಒಳ್ಳೇದೇ, ಆದ್ರೆ ಗ್ರೋತ್ ಪ್ಲಾನ್‌ನ ಕೈಯಲ್ಲಿ ಇರೋ ದೊಡ್ಡ ಸ್ವಿಚ್ ಅಂದ್ರೆ ಮನೆ ಎಲ್ಲಿ ಕಟ್ತೀವಿ ಅನ್ನೋದು. ದೀಪ ಹತ್ತು ವರ್ಷಕ್ಕೆ ಬದಲಾಯಿಸಬಹುದು, ಬಸ್ಸೂ ಇಲ್ಲದ ಕಡೆ ಒಂದು ಬಡಾವಣೆ ಎದ್ರೆ ಅಲ್ಲಿನ ಜನ ಮುಂದಿನ ಐವತ್ತು ವರ್ಷ ದಿನಾ ಗಾಡೀಲೇ ಓಡಾಡ್ಬೇಕು. ಕೋಪನ್‌ಹೇಗನ್‌ನವರು 1947ರಲ್ಲೇ ಕೈಬೆರಳಿನ ಆಕಾರದಲ್ಲಿ ರೈಲು ಹಳಿ ಗುಂಟ ಬೆಳವಣಿಗೆ, ಬೆರಳುಗಳ ಮಧ್ಯೆ ಹಸಿರು ಅಂತ ಪ್ಲಾನ್ ಮಾಡಿದ್ರು, ಆಗ ಹವಾಮಾನದ ಮಾತೇ ಇರಲಿಲ್ಲ, ಆದ್ರೂ ಅದು ಇವತ್ತಿಗೂ ಅವರನ್ನ ಕಾಯ್ತಿದೆ. ನಾವೂ ಉಳಿದ ಸೆಂಟರ್‌ಗಳನ್ನ ಈಗಿರೋ ರೈಲು ಮತ್ತೆ ಬಸ್ ದಾರಿಗೆ ಹತ್ತಿರ ಎಳೆದ್ವಿ.

ಆದ್ರೆ ಒತ್ತಾಗಿ ಕಟ್ಟಿದ್ರೆ ಬಿಸಿ ಹೆಚ್ಚಾಗುತ್ತಲ್ವಾ ಅಂತ ಒಬ್ಬ ಆರೋಗ್ಯ ಅಧಿಕಾರಿ ಕೇಳಿದ್ರು, ಅವರು ಕೇಳಿದ್ದು ಸರಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಥರ್ಮಲ್ ಚಿತ್ರ, ಅಂದ್ರೆ ಬಿಸಿ ತೋರಿಸೋ ಚಿತ್ರ, ಹಾಕಿ ನೋಡಿದಾಗ ಮರ ಇಲ್ಲದ ಹಳೇ ಇಕ್ಕಟ್ಟಿನ ಬೀದಿಗಳು ಮತ್ತೆ ತಗಡಿನ ಚಾವಣಿಯ ಶೆಡ್‌ಗಳು ಕೆಂಪಗೆ ಉರೀತಿದ್ವು. ಅದು ನೆಲದ, ಚಾವಣಿಯ ಮೇಲ್ಮೈ ಬಿಸಿ, ಮನುಷ್ಯನಿಗೆ ತಟ್ಟೋ ಗಾಳಿಯ ಬಿಸಿ ಬೇರೆ, ಎರಡನ್ನೂ ಒಂದೇ ಅಂದ್ಕೋಬೇಡಿ, ನಾವು ಒಂದು ಡ್ರಾಫ್ಟ್‌ನಲ್ಲಿ ಹಾಗೆ ಬರೆದು ತಿದ್ದಿಸ್ಕೊಂಡ್ವಿ. ಹಾಗಾಗಿ ಒತ್ತಾದ ಮನೆಗಳ ಜೊತೆಗೆ ಬೀದಿಗೆ ನೆರಳು, ಗಾಳಿ ಬರೋ ದಿಕ್ಕಿಗೆ ತೆರೆದ ಜಾಗ, ತಿಳಿ ಬಣ್ಣದ ಚಾವಣಿ ಕಡ್ಡಾಯ ಮಾಡಿದ್ವಿ. ಸಸಿ ಎಷ್ಟು ನೆಟ್ವಿ ಅನ್ನೋ ಲೆಕ್ಕ ಕಿತ್ತುಹಾಕಿ, ಐದು ವರ್ಷ ಆದ ಮೇಲೆ ನೆರಳು ಎಷ್ಟು ನೆಲಕ್ಕೆ ಬೀಳ್ತಿದೆ ಅನ್ನೋ ಲೆಕ್ಕ ಇಟ್ವಿ.

ನನ್ನಿಂದ ಒಂದು ದೊಡ್ಡ ತಪ್ಪು ಆಯ್ತು, ಅದನ್ನೂ ಬರೀಲೇಬೇಕು. ಪ್ರವಾಹದ ಜಾಗದಿಂದ ತೆಗೆದ ಸೆಂಟರ್‌ಗೆ ಬದಲಿ ಜಾಗ ಹುಡುಕುವಾಗ ಭೂಬಳಕೆ ಮ್ಯಾಪ್‌ನಲ್ಲಿ ಬಂಜರು ಅಂತ ಗುರುತಾಗಿದ್ದ ಒಂದು ಎತ್ತರದ ಬಯಲನ್ನ ಆರಿಸಿದೆ. ಮರ ಇಲ್ಲ, ಬೆಳೆ ಇಲ್ಲ, ನೀರು ನಿಲ್ಲಲ್ಲ, ಇದಕ್ಕಿಂತ ಒಳ್ಳೇದು ಇಲ್ಲ ಅನ್ನಿಸ್ತು. ಡ್ರಾಫ್ಟ್ ಹೊರಗೆ ಹೋದ ಮೇಲೆ ಒಬ್ಬ ಹಿರಿಯ ಸಸ್ಯತಜ್ಞೆ ಫೋನ್ ಮಾಡಿ, ಬನ್ನಿ ತೋರಿಸ್ತೀನಿ ಅಂತ ಕರ್ಕೊಂಡು ಹೋದ್ರು. ಅದು ಬಂಜರಲ್ಲ, ಹುಲ್ಲುಗಾವಲು. ನೆಲದ ಮೇಲೆ ಒಣಗಿದ ಹಾಗೆ ಕಾಣೋ ಹುಲ್ಲಿನ ಬೇರು ಆಳಕ್ಕೆ ಇಳಿದಿತ್ತು, ಇಂಗಾಲದ ದೊಡ್ಡ ಪಾಲು ಅಲ್ಲೇ ಮಣ್ಣೊಳಗೆ ಕೂತಿರುತ್ತೆ, ಮಳೆ ನೀರು ಅಲ್ಲೇ ಇಂಗಿ ಕೆಳಗಿನ ಬಾವಿಗಳಿಗೆ ಸೇರ್ತಿತ್ತು, ಕುರಿ ಮೇಯ್ಸೋರು ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿಗೇ ಬರ್ತಿದ್ರು. ಅದನ್ನ ಕಾಂಕ್ರೀಟ್ ಮಾಡಿದ್ರೆ ಹರಿದು ಹೋಗೋ ನೀರಿನ ಪ್ರಮಾಣ ಎರಡು ಮೂರು ಪಟ್ಟು ಆಗಿ, ಕೆಳಗಿರೋ ಊರಿಗೆ ನಾವೇ ಹೊಸ ಪ್ರವಾಹ ತಂದು ಕೊಡ್ತಿದ್ವಿ. ಒಂದು ಕಡೆ ಹವಾಮಾನಕ್ಕೆ ಹೊಂದಿಕೊಳ್ಳೋಕೆ ಹೋಗಿ ಇನ್ನೊಂದು ಕಡೆ ಹಾಳು ಮಾಡೋದು ಹೀಗೇ. ಆ ಜಾಗ ಕೈಬಿಟ್ವಿ, ಮ್ಯಾಪ್‌ನಲ್ಲಿ ಬಂಜರು ಅನ್ನೋ ಬಣ್ಣ ಇದ್ದ ಪ್ರತಿ ಜಾಗಕ್ಕೂ ಒಬ್ಬರಾದ್ರೂ ಹೋಗಿ ನಿಂತು ನೋಡಿ ಬರ್ಬೇಕು ಅಂತ ನಿಯಮ ಮಾಡ್ಕೊಂಡ್ವಿ.

ತೆಗೆದುಹಾಕಿದ ಸೆಂಟರ್‌ನಲ್ಲಿ ಜಮೀನು ಇದ್ದವರ ಜೊತೆ ಮಾತಾಡಿದ್ದು ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ್ದು. ಹತ್ತು ವರ್ಷ ಇಲ್ಲಿ ಊರು ಬರುತ್ತೆ ಅಂತ ಸರ್ಕಾರಿ ಮ್ಯಾಪ್ ಹೇಳ್ತಿತ್ತು, ಅದನ್ನ ನಂಬಿ ಸಾಲ ಮಾಡಿದವರಿದ್ರು, ಮಗಳ ಓದಿಗೆ ಅಂತ ಆ ಎರಡು ಎಕರೆ ಇಟ್ಕೊಂಡಿದ್ದವರಿದ್ರು. ಅವರ ಮುಂದೆ ಐಪಿಸಿಸಿ ವರದಿ ಓದೋದರಲ್ಲಿ ಅರ್ಥ ಇಲ್ಲ. ಅವರ ಸಿಟ್ಟು ನ್ಯಾಯವಾದದ್ದು, ತಪ್ಪು ಮ್ಯಾಪ್ ಮಾಡಿದ್ದು ನಾವು, ಅವರಲ್ಲ. ಏಳು ಸಭೆ ಆಯ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 1993 ಮತ್ತೆ 1995ರ ನೆರೆ ಆದ ಮೇಲೆ ನದಿಗೆ ಜಾಗ ಬಿಡೋಣ ಅಂತ ಮೂವತ್ತಕ್ಕೂ ಹೆಚ್ಚು ಕಡೆ ನದಿ ದಂಡೆಯ ಏರಿಯನ್ನ ಹಿಂದಕ್ಕೆ ಸರಿಸಿ, ಕಾಲುವೆ ತೋಡಿ ಮಾಡಿದ ಕೆಲಸವನ್ನ ನಾನು ಉದಾಹರಣೆ ಕೊಟ್ಟಾಗ ಒಬ್ಬ ರೈತರು, ಅಲ್ಲಿಯವರಿಗೆ ಏನು ಸಿಗ್ತು ಅಂತ ಕೇಳಿದ್ರು. ಆ ಒಂದು ಪ್ರಶ್ನೆಯಿಂದಲೇ ಅಭಿವೃದ್ಧಿ ಹಕ್ಕು ವರ್ಗಾವಣೆಯ ಅಧ್ಯಾಯ ಹುಟ್ಟಿತು, ಅಂದ್ರೆ ಕಟ್ಟೋ ಹಕ್ಕನ್ನ ಎತ್ತರದ ಸೆಂಟರ್‌ನಲ್ಲಿ ಕಟ್ಟೋರಿಗೆ ಮಾರಬಹುದು, ಜಮೀನು ಅವರದ್ದೇ ಇರುತ್ತೆ, ಬೇಸಾಯ ಮಾಡಬಹುದು. ಎಲ್ಲರೂ ಒಪ್ಪಿದ್ರು ಅಂತ ಹೇಳಲ್ಲ, ಕೆಲವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಕೊನೇದಾಗಿ ಟ್ರಿಗರ್‌ಗಳು. ಲಂಡನ್‌ನ ಥೇಮ್ಸ್ ಅಳಿವೆಗೆ ಮಾಡಿದ ಟಿಇ2100 ಅನ್ನೋ ಪ್ಲಾನ್‌ನಿಂದ ಕಲಿತಿದ್ದು. 2100ರಲ್ಲಿ ಏನಾಗುತ್ತೆ ಅಂತ ಈಗಲೇ ಒಂದೇ ಉತ್ತರಕ್ಕೆ ಕಟ್ಟುಬೀಳದೆ, ಸಮುದ್ರ ಮಟ್ಟದಂಥ ಸೂಚಕಗಳನ್ನ ನೋಡ್ತಾ, ಇಷ್ಟು ಆದಾಗ ಈ ನಿರ್ಧಾರ ತಗೋಬೇಕು ಅಂತ ಅವರು ದಾರಿಗಳನ್ನ ಮುಂಚೆನೇ ಬರೆದಿಟ್ಟಿದಾರೆ. ನಾವು ನಾಲ್ಕು ಸೂಚಕ ಇಟ್ವಿ: ಪಂಪ್‌ಹೌಸ್‌ನಲ್ಲಿ ಮೋಟಾರ್ ನಿಲ್ಲಿಸೋ ದಿನಗಳು, ಬೇಸಿಗೆ ಬಾವಿ ಮಟ್ಟ, ರಾತ್ರಿ ತಾಪಮಾನ, ಮುಖ್ಯ ಚರಂಡಿ ಉಕ್ಕಿದ ಸಲ. ಒಂದೊಂದಕ್ಕೂ ಒಂದು ಗೆರೆ, ಗೆರೆ ದಾಟಿದ್ರೆ ಯಾವ ಹಂತದ ಜಾಗ ತಡೆ ಹಿಡೀಬೇಕು, ಯಾವ ಕೆಲಸ ಮುಂಚೆ ತರ್ಬೇಕು ಅಂತ ಪ್ಲಾನ್ ಒಳಗೇ ಬರೆದಿದೆ, ಮತ್ತೆ ಹೊಸ ಸಮಿತಿ ಕೂರೋದು ಬೇಡ.

ಮೊದಲನೇ ಸೂಚಕ ಈ ವರ್ಷ ಗೆರೆ ದಾಟಿತು. ಫೋನ್ ಮಾಡಿ ಹೇಳಿದ್ದು ಅದೇ ಪಂಪ್‌ಹೌಸಿನವರು. ಎರಡನೇ ಹಂತದ ಫೈಲ್ ತಡೆ ಹಿಡಿದಿದೀವಿ, ಬಳಸಿದ ನೀರಿನ ಘಟಕದ ಟೆಂಡರ್ ಒಂದು ವರ್ಷ ಮುಂಚೆ ಕರೆಯೋಕೆ ಕಾಗದ ತಯಾರಾಗ್ತಿದೆ, ಲಾಗ್ ಪುಸ್ತಕದ ಪುಟಗಳನ್ನೇ ಅದಕ್ಕೆ ಅನುಬಂಧವಾಗಿ ಹಾಕ್ತಿದೀನಿ.