ಕೆಲಸ ಹೋದ ಮೇಲೆ ಈಎಸ್‌ಐ ದುಡ್ಡು ಬಂದೇ ಬಂತು

2021ರ ಆಗಸ್ಟ್ ಮಧ್ಯದಲ್ಲಿ ಮೊಬೈಲ್‌ಗೆ ಬ್ಯಾಂಕಿನ ಮೆಸೇಜ್ ಬಂತು. 22 ಸಾವಿರದ ಎಂಟುನೂರೋ ಒಂಬೈನೂರೋ ಜಮಾ. ಮೊದಲು ಭಾವನಿಗೆ ತೋರಿಸಿದೆ. "ಸುಮ್ನೆ ಮನೇಲಿ ಕೂತವರಿಗೆ ಯಾರಪ್ಪ ದುಡ್ಡು ಕೊಡ್ತಾರೆ" ಅಂತ ಐದು ತಿಂಗಳಿಂದ ಹೇಳುತ್ತಿದ್ದವರು ಅವರೇ. ಎರಡು ಸಲ ಓದಿ ಮೊಬೈಲ್ ವಾಪಸ್ ಕೊಟ್ಟರು.

ಕೆಲಸ ಹೋದವರಿಗೆ ಕೆಲವು ದಿನ ದುಡ್ಡು ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಈಎಸ್‌ಐನಲ್ಲಿ, ಅಂದರೆ ಸಂಬಳದಲ್ಲಿ ಕಂತು ಹಿಡಿಯುವ ಕಾರ್ಮಿಕರ ವಿಮೆಯಲ್ಲಿ, 2018ರಲ್ಲಿ ಶುರುವಾಯಿತು. ನಮ್ಮಂಥ ಕಾರ್ಖಾನೆಯವರಿಗೆ ಹೆಸರು ಗೊತ್ತು, ದುಡ್ಡು ನೋಡಿದವರು ಕಡಿಮೆ. ಮೊದಲು ದಿನದ ಸಂಬಳದ ಕಾಲು ಭಾಗ ಕೊಡುತ್ತಿದ್ದರು. ಕೊರೊನಾ ಬಂದ ಮೇಲೆ, 2020ರ ಮಾರ್ಚ್ 24ರಿಂದ ಅರ್ಧ ಆಯಿತು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ.

ನಾನು ಸಿಎನ್‌ಸಿ ಆಪರೇಟರ್, ಕಂಪ್ಯೂಟರ್‌ನಿಂದ ಓಡುವ ಮೆಷಿನ್ ನಡೆಸುವವನು. ಕಂಪನಿಯಲ್ಲಿ ನಾಲ್ಕು ವರ್ಷ ಮಾಡಿದ್ದೆ. ಫೆಬ್ರವರಿ ಕೊನೆಯಲ್ಲಿ ಎಚ್‌ಆರ್ ನಮ್ಮ ಏಳು ಜನರನ್ನು ಕರೆದು ಒಂದೊಂದು ಖಾಲಿ ಹಾಳೆ ಕೊಟ್ಟರು. "ರಾಜೀನಾಮೆ ಬರೆದುಕೊಡಿ, ವಾರದಲ್ಲಿ ಸೆಟಲ್‌ಮೆಂಟ್ ಮಾಡ್ತೀವಿ" ಅಂದರು. ಐದು ಜನ ಬರೆದರು. ಅವರನ್ನು ದೂರುವುದಿಲ್ಲ, ತಿಂಗಳ ಬಾಡಿಗೆ ಎದುರಿಗೆ ನಿಂತಿತ್ತು. ನಾನು ಮತ್ತೆ ಇನ್ನೊಬ್ಬ ಬರೆಯಲಿಲ್ಲ. "ನೀವೇ ತೆಗೆದಿದ್ದೀರಿ ಅಂತ ಬರೆದುಕೊಡಿ ಸರ್" ಅಂದೆ. ಎರಡು ಗಂಟೆ ರಿಸೆಪ್ಷನ್‌ನಲ್ಲಿ ಕೂರಿಸಿದರು. ಕೊನೆಗೆ ಕೊಟ್ಟರು.

ಮುಂದೆ ಏನೇನು ಸಿಕ್ಕಿತೋ ಎಲ್ಲ ಆ ಒಂದು ಹಾಳೆಯಿಂದ. ರಾಜೀನಾಮೆ ಕೊಟ್ಟವರಿಗೆ ಈ ಯೋಜನೆ ಇಲ್ಲ. ವರ್ಷಕ್ಕೆ 15 ದಿನದ ಸಂಬಳ ಅಂತ ಬರುವ ಪರಿಹಾರವೂ ಇಲ್ಲ. ನನಗೆ ಆ ಲೆಕ್ಕದಲ್ಲೇ ಎರಡು ತಿಂಗಳ ಸಂಬಳ ಬಂತು.

ಏಪ್ರಿಲ್ ಮೊದಲ ವಾರ, ಕೆಲಸ ಹೋಗಿ ಮೂವತ್ತು ದಿನ ಮುಗಿದ ತಕ್ಷಣ ಅರ್ಜಿ ಹಾಕಲು ಹೋದೆ. ಸೈಬರ್ ಸೆಂಟರ್‌ನವನು ಇಪ್ಪತ್ತು ರೂಪಾಯಿ ಬಾಂಡ್ ಪೇಪರ್ ಮೇಲೆ ಅಫಿಡವಿಟ್ ಬೇಕೇ ಬೇಕು ಅಂದ. ಪೇಪರ್, ಟೈಪಿಂಗ್, ನೋಟರಿ ಎಲ್ಲ ಸೇರಿ ಮುನ್ನೂರು ಹೋಯಿತು. ಅಫಿಡವಿಟ್ ಬೇಡ, ದಾಖಲೆ ಸ್ಕ್ಯಾನ್ ಮಾಡಿ ಹಾಕಿದರೆ ಸಾಕು ಅಂತ ಹಿಂದಿನ ವರ್ಷವೇ ನಿಯಮ ಬದಲಾಗಿತ್ತು. ಹಳೇ ಮಾಹಿತಿಗೆ ದುಡ್ಡು ಕೊಟ್ಟಿದ್ದೆ. ಇನ್ನೊಬ್ಬ ಏಜೆಂಟ್ ಎರಡೂವರೆ ಸಾವಿರ ಕೇಳಿದ. ಅವನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ಅರ್ಜಿ ಬಿದ್ದುಹೋಯಿತು. ಕಾರಣ ಒಂದಲ್ಲ, ಮೂರು.

ಒಂದು, ಹೆಸರು. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಈಎಸ್‌ಐನಲ್ಲಿ ಮುಂದೆ. ಬ್ಯಾಂಕಿನಲ್ಲಿ ಇನಿಶಿಯಲ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಮೂರನ್ನೂ ಆಧಾರ್‌ಗೆ ಸರಿಹೊಂದಿಸುವ ಹೊತ್ತಿಗೆ ಹದಿನೈದು ದಿನ ಕಳೆಯಿತು.

ಎರಡು, ಕೆಲಸ ಬಿಟ್ಟ ಕಾರಣ. ಈಎಸ್‌ಐ ಬ್ರಾಂಚ್ ಆಫೀಸಿನ ಗುಮಾಸ್ತರು ಮಾನಿಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ಮಾರ್ಚ್ ತಿಂಗಳಲ್ಲಿ ನನ್ನ ಹೆಸರಿನ ಮುಂದೆ ಕೆಲಸದ ದಿನ ಸೊನ್ನೆ, ಕಾರಣ "ಲೆಫ್ಟ್ ಸರ್ವೀಸ್", ಅಂದರೆ ಕೆಲಸ ಬಿಟ್ಟಿದ್ದಾನೆ. ಅದೇ ಪಟ್ಟಿಯಲ್ಲಿ ಕೆಳಗೆ "ರಿಟ್ರೆಂಚ್‌ಮೆಂಟ್" (ಕಂಪನಿಯೇ ತೆಗೆದದ್ದು) ಅಂತಲೂ ಇರುತ್ತದೆ. ಕಂಪನಿಯವರು ಅದನ್ನು ಒತ್ತಿರಲಿಲ್ಲ. ಕೈಯಲ್ಲಿ ಅವರದ್ದೇ ಸಹಿಯ ಪತ್ರ ಇತ್ತು, ಅಲ್ವಾ? ಅದರ ಜೆರಾಕ್ಸ್ ಇಟ್ಟು, ಕಾರಣ ತಿದ್ದಿ ಅಂತ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೆ, ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಸಮೇತ. ನಲವತ್ತು ರೂಪಾಯಿಯ ಒಳಗೇ ಆಯಿತು. ಆ ಪತ್ರದಲ್ಲಿ ಒಂದು ಸಾಲು ಬರೆದಿದ್ದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಎಚ್‌ಆರ್‌ಗಳೆಲ್ಲ ಓದಿಬಿಟ್ಟರೆ ಆ ಸಾಲಿನ ಬೆಲೆ ಹೋಗುತ್ತದೆ. ಬೇಕಾದವರು ನೇರವಾಗಿ ಕೇಳಲಿ.

ಮೂರನೆಯದೇ ನನ್ನ ನಿದ್ದೆ ಕೆಡಿಸಿದ್ದು. ಕೆಲಸ ಹೋಗುವ ಮುಂಚಿನ ಕಂತಿನ ಅವಧಿಯಲ್ಲಿ, ಅಂದರೆ ಆರು ತಿಂಗಳಲ್ಲಿ, ಕಂತು ಕಟ್ಟಿದ 78 ದಿನ ಇರಬೇಕು. ನನ್ನದು 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಲಾಕ್‌ಡೌನ್‌ನಲ್ಲಿ ಏಪ್ರಿಲ್, ಮೇ ಪೂರ್ತಿ ಕೆಲಸ ಇಲ್ಲ. ಜೂನ್‌ನಲ್ಲಿ 14 ದಿನ, ಜುಲೈ 25, ಆಗಸ್ಟ್ 25. ಒಟ್ಟು 64. ಸೆಪ್ಟೆಂಬರ್ ಜಾಗ ಖಾಲಿ! ನಾನು ಆ ತಿಂಗಳು ಒಂದು ದಿನವೂ ರಜೆ ಹಾಕಿರಲಿಲ್ಲ, ಎರಡು ಭಾನುವಾರ ಓಟಿ ಬೇರೆ ಮಾಡಿದ್ದೆ.

ಮನೆಗೆ ಬಂದು ಬೀರುವಿನ ಮೇಲಿನ ಟ್ರಂಕ್ ಇಳಿಸಿದೆ. ನನ್ನ ಹೆಂಡತಿ ಸ್ಯಾಲರಿ ಸ್ಲಿಪ್‌ಗಳನ್ನೆಲ್ಲ ದಾರ ಪೋಣಿಸಿ ಕಟ್ಟಿಟ್ಟಿದ್ದಳು. ಸೆಪ್ಟೆಂಬರ್ ಸ್ಲಿಪ್ ಸಿಕ್ಕಿತು, ಮೂಲೆಯಲ್ಲಿ ಟೀ ಕಲೆ. ಈಎಸ್‌ಐ ಅಂತ 119 ರೂಪಾಯಿ ಹಿಡಿದಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಹಿಡಿದಿದ್ದಾರೆ, ಕಟ್ಟಿಲ್ಲ.

ಅಷ್ಟರಲ್ಲಿ ಏಪ್ರಿಲ್ 27ಕ್ಕೆ ಮತ್ತೆ ಲಾಕ್‌ಡೌನ್. ಜೂನ್‌ವರೆಗೆ ಏನೂ ನಡೆಯಲಿಲ್ಲ.

ಆ ಖಾಲಿ ದಿನಗಳಲ್ಲಿ ಪಿಎಫ್ ಕಡೆ ಕೈ ಹಾಕಿದೆ. ಕೆಲಸ ಬಿಟ್ಟ ತಾರೀಖನ್ನು ಯುಎಎನ್‌ನಲ್ಲಿ (ಪಿಎಫ್ ನಂಬರ್) ನಾವೇ ಹಾಕಿಕೊಳ್ಳಬಹುದು, ಆದರೆ ಕೊನೆಯ ಕಂತು ಕಟ್ಟಿ ಎರಡು ತಿಂಗಳಾಗಬೇಕು. ಮಾರ್ಚ್‌ನಲ್ಲೇ ನೋಡಿದೆ, ಆಗಲಿಲ್ಲ. ಮೇ 31ಕ್ಕೆ ಪಿಎಫ್‌ನಿಂದ ಕೊರೊನಾ ಅಡ್ವಾನ್ಸ್ ಎರಡನೇ ಸಲವೂ ತೆಗೆಯಬಹುದು ಅಂತ ಬಂತು. ತಾರೀಖಿನ ಸಹವಾಸ ಬಿಟ್ಟು ಅಡ್ವಾನ್ಸ್ ಹಾಕಿದೆ. ಮೂವತ್ತು ಸಾವಿರ ಚಿಲ್ಲರೆ, ಒಂದು ವಾರದಲ್ಲಿ ಬಂತು. ಪಿಎಫ್ ಪೂರ್ತಿ ತೆಗೆದುಬಿಡು ಅಂದವರು ಬಹಳ ಜನ. ನಾನು ತೆಗೆಯಲಿಲ್ಲ. ಪೆನ್ಷನ್‌ನ ವರ್ಷಗಳು ಉಳಿಯಲಿ ಅಂತ.

ಜುಲೈನಲ್ಲಿ ಕೇಂದ್ರ ಸರ್ಕಾರದ ಪಿಜಿ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಉದ್ದ ಕಥೆ ಬರೆಯಲಿಲ್ಲ. ಐಪಿ ನಂಬರ್ (ನನ್ನ ಈಎಸ್‌ಐ ನಂಬರ್), ಕಂಪನಿ ಕೋಡ್, ತಿಂಗಳು, ಹಿಡಿದ ಮೊತ್ತ, ಸ್ಲಿಪ್‌ನ ಫೋಟೋ. ನಾಲ್ಕೇ ಸಾಲು. ಮೂರು ವಾರಕ್ಕೆ ಸೆಪ್ಟೆಂಬರ್ ಕಂತು ಕಾಣಿಸಿತು, 25 ದಿನ. ಒಟ್ಟು 89. ಕಾರಣವೂ ರಿಟ್ರೆಂಚ್‌ಮೆಂಟ್ ಅಂತ ಬದಲಾಗಿತ್ತು. ಪೋಸ್ಟ್ ಕೆಲಸ ಮಾಡಿತೋ ದೂರು ಕೆಲಸ ಮಾಡಿತೋ, ಎರಡೂ ಇರಲಿ.

ಎರಡನೇ ಅರ್ಜಿಯನ್ನು ಮೊಬೈಲ್‌ನಲ್ಲೇ ಹಾಕಿದೆ. ಕಂಪನಿಯ ಸಹಿ ಬೇಕಿಲ್ಲ, ನೇರವಾಗಿ ಬ್ರಾಂಚ್ ಆಫೀಸಿಗೆ ಹೋಗುತ್ತದೆ. ಪ್ರಿಂಟ್, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಕೈಯಾರೆ ಕೊಟ್ಟು, ನನ್ನ ಪ್ರತಿ ಮೇಲೆ ಸೀಲ್ ಹಾಕಿಸಿಕೊಂಡೆ. ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಗುಮಾಸ್ತರು ಕೂತು ಮಾತಾಡುತ್ತಾರೆ ಅನ್ನುವುದನ್ನೂ ಕಂಡುಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ ಹೀಗೆ. ಆರು ತಿಂಗಳಿನ ಅಂಥ ನಾಲ್ಕು ಅವಧಿಯ ಒಟ್ಟು ಸಂಬಳವನ್ನು ಎರಡು ವರ್ಷದ ದಿನ, ಅಂದರೆ 730ರಿಂದ ಭಾಗಿಸುತ್ತಾರೆ. ನನ್ನದು ಓಟಿ ಸೇರಿ ಮೂರು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು, ದಿನಕ್ಕೆ ಐನೂರರ ಮೇಲೆ. ಅದರ ಅರ್ಧ ಇನ್ನೂರೈವತ್ತು ಚಿಲ್ಲರೆ, 90 ದಿನಕ್ಕೆ. ಲಾಕ್‌ಡೌನ್‌ನ ಎರಡು ತಿಂಗಳು ಅಲ್ಲೂ ಹೊಡೆತ ಕೊಟ್ಟವು. ನನ್ನ ಖರ್ಚು ಬಸ್ಸು, ಆಟೋ, ಆ ದಂಡದ ಅಫಿಡವಿಟ್ ಎಲ್ಲ ಸೇರಿ ಸಾವಿರದ ಇನ್ನೂರು ಇರಬಹುದು.

ನನ್ನ ಜೊತೆ ಹಾಳೆ ಖಾಲಿಯೇ ವಾಪಸ್ ಕೊಟ್ಟಿದ್ದನಲ್ಲ, ಅವನ ಅರ್ಜಿಯನ್ನು ಆಮೇಲೆ ಒಂದು ಭಾನುವಾರ ನಮ್ಮ ಮನೆಯಲ್ಲೇ ಕೂತು ಹಾಕಿದೆವು. ಅವನದು 81 ದಿನ. ಅವನ ಹೆಂಡತಿಯೂ ಸ್ಲಿಪ್‌ಗಳನ್ನು ಇಟ್ಟಿದ್ದಾಳೆ, ಅಕ್ಕಿ ಡಬ್ಬದ ಕೆಳಗೆ.